ಚಂದ್ರನ ಮೇಲೆ ನಡೆದವರ ಮಗಳು

ಶಾಲೆಗಳ ರಸಪ್ರಶ್ನೆ ಸ್ಪರ್ಧೆಗೆ ನನ್ನನ್ನು ಆಗಾಗ ಕರೆಯುತ್ತಾರೆ. ಮಕ್ಕಳಿಗೆ ಹುರುಪು ಬರಲೆಂದು ಮೊದಲಿಗೆ ಸುಲಭದ ಪ್ರಶ್ನೆಗಳನ್ನೇ ಕೇಳುವುದು ವಾಡಿಕೆ. ಚಂದ್ರನ ಮೇಲೆ ಮೊಟ್ಟಮೊದಲು ಕಾಲಿಟ್ಟವರು ಯಾರು? ಪ್ರಶ್ನೆ ಮುಗಿಯುವ ಮುಂಚೆಯೇ ಕೈಗಳು ಮೇಲೇಳುತ್ತವೆ. ನೀಲ್ ಆರ್ಮ್‌ಸ್ಟ್ರಾಂಗ್. ಇಸವಿ? 1969. ಜೊತೆಯಲ್ಲಿ ಇಳಿದವರು? ಆಲ್ಡ್ರಿನ್. ಮೇಲೆ ನೌಕೆಯಲ್ಲೇ ಸುತ್ತುತ್ತಿದ್ದವರು? ಕಾಲಿನ್ಸ್. ಅಷ್ಟರಲ್ಲಿ ಸಭಾಂಗಣ ಬಿಸಿಯೇರಿರುತ್ತದೆ.

ಒಮ್ಮೆ ಆರನೇ ತರಗತಿಯ ಹುಡುಗಿಯೊಬ್ಬಳು ನನಗೇ ಪ್ರಶ್ನೆ ಹಾಕಿದಳು. "ಅವರಿಗೆ ಮಕ್ಕಳಿದ್ರಾ ಸಾರ್?"

"ಇಬ್ಬರು ಗಂಡುಮಕ್ಕಳಮ್ಮ" ಎಂದುಬಿಟ್ಟೆ. ಮನೆಗೆ ಬಂದು ಪುಸ್ತಕ ತೆಗೆದು ನೋಡಿದರೆ ನನ್ನ ಉತ್ತರ ತಪ್ಪಾಗಿತ್ತು. ಇಬ್ಬರಲ್ಲ, ಮೂವರು. ನಡುವಿನವಳು ಹೆಣ್ಣುಮಗು. ಅವಳ ಕಥೆಯನ್ನು ಓದಿದ ಮೇಲೆ, ನಾನು ಮೇಷ್ಟ್ರಾಗಿದ್ದ ಕಾಲದ ಹಳೆಯ ನೋವೊಂದು ಎದ್ದು ಕುಳಿತಿತು. ಎರಡನ್ನೂ ಇಂದು ನಿಮ್ಮೊಡನೆ ಹಂಚಿಕೊಳ್ಳಬೇಕು. ಮಕ್ಕಳೂ ಓದಿ, ಮಕ್ಕಳ ತಂದೆತಾಯಿಯರೂ ಓದಿ.

ಆ ಮಗುವಿನ ಹೆಸರು ಕರೆನ್. ಹುಟ್ಟಿದ್ದು 1959ರ ಏಪ್ರಿಲ್‌ನಲ್ಲಿ. ಮುದ್ದಿನ ಹೆಸರು ಮಫಿ. ಅಣ್ಣ ರಿಕಿ ಅವಳಿಗಿಂತ ಸುಮಾರು ಎರಡು ವರ್ಷಕ್ಕೆ ದೊಡ್ಡವನು. ಅಪ್ಪ ಆಗಿನ್ನೂ ಗಗನಯಾತ್ರಿಯಾಗಿರಲಿಲ್ಲ. ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿರುವ ಎಡ್ವರ್ಡ್ಸ್ ವಾಯುನೆಲೆಯಲ್ಲಿ ಹೊಸ ಹೊಸ ವಿಮಾನಗಳನ್ನು ಹಾರಿಸಿ ಪರೀಕ್ಷಿಸುವ ಪೈಲಟ್. ಬೆಟ್ಟದ ತಪ್ಪಲಿನಲ್ಲಿ ಪುಟ್ಟದೊಂದು ಮನೆ. ಹೆಂಡತಿ ಜಾನೆಟ್, ಇಬ್ಬರು ಮಕ್ಕಳು.

1961ರ ಜೂನ್. ಆರ್ಮ್‌ಸ್ಟ್ರಾಂಗರ ಕೆಲಸದ ನಿಮಿತ್ತ ಸಂಸಾರವೆಲ್ಲ ಸಿಯಾಟಲ್ ನಗರದಲ್ಲಿತ್ತು. ಉದ್ಯಾನದಲ್ಲಿ ಆಡುತ್ತಿದ್ದ ಎರಡು ವರ್ಷದ ಕರೆನ್ ಎಡವಿ ಬಿದ್ದಳು. ತಲೆಗೆ ಪೆಟ್ಟಾಯಿತು, ಮೂಗಿನಿಂದ ರಕ್ತ ಬಂತು. ಮಕ್ಕಳು ಬೀಳುವುದು ಹೊಸತೇ? ಆದರೆ ಮಗುವಿನ ಕಣ್ಣುಗಳು ಸರಿಯಾಗಿಲ್ಲವೆಂದು ತಾಯಿಗೆ ಅನ್ನಿಸಿತು. ಬರುಬರುತ್ತಾ ಮಗು ಪದೇಪದೇ ಎಡವತೊಡಗಿತು. ಕಣ್ಣು ಮೆಳ್ಳೆಯಾಯಿತು, ಮಾತು ತೊದಲಿತು. ಕ್ಯಾಲಿಫೋರ್ನಿಯಾಕ್ಕೆ ಮರಳಿ ವೈದ್ಯರಿಂದ ವೈದ್ಯರಿಗೆ ಅಲೆದ ಮೇಲೆ ತಿಳಿಯಿತು: ಮಿದುಳಿನ ಕಾಂಡದಲ್ಲಿ ಗೆಡ್ಡೆ.

ಇಂದಿನಂತೆ ಮಿದುಳಿನ ಚಿತ್ರವನ್ನು ಕೆಲವೇ ನಿಮಿಷಗಳಲ್ಲಿ ತೆಗೆಯುವ ಸ್ಕ್ಯಾನ್ ಅಂದು ಇರಲಿಲ್ಲ. ಮನುಷ್ಯನ ಮಿದುಳಿನ ಮೊದಲ ಸಿ.ಟಿ. ಸ್ಕ್ಯಾನ್ ನಡೆದದ್ದು 1971ರಲ್ಲಿ, ಇಂಗ್ಲೆಂಡಿನಲ್ಲಿ. ಕರೆನ್‌ಗೆ ಏಳು ವಾರ ಎಕ್ಸ್‌ರೇ ಕಿರಣಗಳ ಚಿಕಿತ್ಸೆ ಕೊಟ್ಟರು. ಆ ದಿನಗಳಲ್ಲಿ ಮಗು ನಡೆಯುವುದನ್ನೇ ಮರೆಯಿತು. ಅಂಬೆಗಾಲಿಕ್ಕಿತು, ಗೋಡೆ ಹಿಡಿದು ನಿಂತಿತು, ಮತ್ತೊಮ್ಮೆ ಮೊದಲಿನಿಂದ ನಡೆಯಲು ಕಲಿಯಿತು. ಒಂದೂವರೆ ತಿಂಗಳು ಮನೆಯಲ್ಲಿ ನಗು ಮರಳಿತ್ತು. ಆಮೇಲೆ ಗೆಡ್ಡೆ ಮತ್ತೆ ತಲೆಯೆತ್ತಿತು. ಕೋಬಾಲ್ಟ್ ಕಿರಣಗಳ ಚಿಕಿತ್ಸೆಯನ್ನು ತಾಳಿಕೊಳ್ಳುವ ಶಕ್ತಿ ಆ ಪುಟ್ಟ ದೇಹದಲ್ಲಿ ಉಳಿದಿರಲಿಲ್ಲ. ತಂದೆತಾಯಿ ಮಗುವನ್ನು ಮನೆಗೆ ಕರೆತಂದರು. ಆ ವರ್ಷದ ಕ್ರಿಸ್ಮಸ್ ಹೊತ್ತಿಗೆ ಕರೆನ್ ನಡೆಯಲಾರಳು. ಆದರೂ ತೆವಳಿಕೊಂಡೇ ಓಡಾಡಿ ಹಬ್ಬ ಮಾಡಿದಳಂತೆ.

1962ರ ಜನವರಿ 28, ಭಾನುವಾರ, ಮನೆಯಲ್ಲೇ ಮಗು ತೀರಿಕೊಂಡಿತು. ಅಂದು ನೀಲ್ ಮತ್ತು ಜಾನೆಟ್ ಅವರ ಆರನೇ ವಿವಾಹ ವಾರ್ಷಿಕೋತ್ಸವ.

ಇಲ್ಲಿಂದ ಮುಂದಿನದನ್ನು ಗಮನಿಸಿ. ಅಂತ್ಯಕ್ರಿಯೆ ಮುಗಿದ ಕೆಲವೇ ದಿನಗಳಲ್ಲಿ ಆರ್ಮ್‌ಸ್ಟ್ರಾಂಗ್ ಕೆಲಸಕ್ಕೆ ಹಾಜರಾದರು. ಮಗಳ ಮಾತನ್ನು ಯಾರೊಡನೆಯೂ ಆಡಲಿಲ್ಲ. ಮುಂದೆ ಅವರೊಡನೆ ವರ್ಷಗಟ್ಟಲೆ ದುಡಿದ ಕೆಲವರಿಗೆ ಹೀಗೊಬ್ಬ ಮಗಳಿದ್ದಳೆಂಬುದೇ ತಿಳಿದಿರಲಿಲ್ಲ. ಕೆಲಸವನ್ನು ಎಂದಿನಂತೆ ನಡೆಸಿಕೊಂಡು ಹೋಗುವುದೇ ಸರಿ ಎಂದು ತಮಗೆ ತೋರಿತ್ತೆಂದು, ಎಷ್ಟೋ ವರ್ಷಗಳ ನಂತರ, ತಮ್ಮ ಜೀವನಚರಿತ್ರೆ ಬರೆದ ಜೇಮ್ಸ್ ಹ್ಯಾನ್ಸನ್ ಅವರಿಗೆ ಹೇಳಿದರು. ಆದರೆ ಆ ವಸಂತದಲ್ಲಿ ಅವರ ಹಾರಾಟ ಎಂದಿನಂತಿರಲಿಲ್ಲ. ಏಪ್ರಿಲ್ 20ರಂದು ಎಕ್ಸ್-15 ರಾಕೆಟ್ ವಿಮಾನದಲ್ಲಿ ಇಳಿಯಬೇಕಾದ ನೆಲೆಯನ್ನು ದಾಟಿ ಬಹುದೂರ ದಕ್ಷಿಣಕ್ಕೆ ಹೋಗಿಬಿಟ್ಟರು. ನಾಲ್ಕು ದಿನಗಳ ನಂತರ ಇನ್ನೊಂದು ವಿಮಾನದ ಚಕ್ರಗಳು ಒಣಗದ ಕೆರೆಯಂಗಳದ ಕೆಸರಿನಲ್ಲಿ ಹೂತವು. ಇದಕ್ಕೂ ಆ ದುಃಖಕ್ಕೂ ನಂಟಿತ್ತೇ ಎಂದು ಹ್ಯಾನ್ಸನ್ ಕೇಳುತ್ತಾರೆ. ಖಚಿತವಾಗಿ ಹೇಳಬಲ್ಲವರು ಯಾರೂ ಇಲ್ಲ. ಅದೇ ವರ್ಷ ಅವರು ಗಗನಯಾತ್ರಿಯಾಗಲು ಅರ್ಜಿ ಹಾಕಿದರು. ಸೆಪ್ಟೆಂಬರಿನಲ್ಲಿ ಆಯ್ಕೆಯಾದರು. ಉಳಿದದ್ದು ನಿಮ್ಮ ಪಠ್ಯಪುಸ್ತಕದಲ್ಲಿದೆ.

ಆರ್ಮ್‌ಸ್ಟ್ರಾಂಗ್ ಕಲ್ಲುಹೃದಯದವರೆಂದು ಹೇಳಲು ನಾನು ಇದನ್ನು ಬರೆಯುತ್ತಿಲ್ಲ. ನಮ್ಮ ಮನೆಗಳಲ್ಲೂ ಅಂಥ ಅಪ್ಪಂದಿರೇ ಹೆಚ್ಚು. ಮಗುವಿಗೆ ಕಾಯಿಲೆಯೆಂದರೆ ಸಾಲ ತರುತ್ತಾರೆ, ರಾತ್ರಿ ಬಸ್ಸಿನಲ್ಲಿ ನಿಂತೇ ಪ್ರಯಾಣ ಮಾಡುತ್ತಾರೆ, ಔಷಧಿ ಚೀಟಿ ಹಿಡಿದು ಸರತಿಯಲ್ಲಿ ನಿಲ್ಲುತ್ತಾರೆ. ಮಾತು ಮಾತ್ರ ಆಡುವುದಿಲ್ಲ. ಗಂಡಸು ಅತ್ತರೆ ಮನೆ ಕುಸಿಯುತ್ತದೆಂದು ಅವರಿಗೆ ಕಲಿಸಿದವರು ನಾವೇ. ಆದರೆ ಹಿರಿಯರು ಮಾತಾಡದೆ ಇದ್ದಾಗ ಆ ಭಾರ ಯಾರ ಹೆಗಲಿಗೆ ಬೀಳುತ್ತದೆ? ಇದನ್ನು ನಾನು ತಿಳಿದದ್ದು ಪುಸ್ತಕದಿಂದಲ್ಲ.

ಬಹಳ ವರ್ಷಗಳ ಹಿಂದಿನ ಮಾತು. ನಾನು ಪಾಠ ಹೇಳುತ್ತಿದ್ದ ಶಾಲೆಯಲ್ಲಿ ನಾಲ್ಕನೇ ತರಗತಿಯ ಹುಡುಗನೊಬ್ಬನಿದ್ದ. ಚುರುಕಾದವನು. ಅರ್ಧ ವರ್ಷ ಕಳೆಯುವಷ್ಟರಲ್ಲಿ ಅವನ ಅಕ್ಷರ ಕೆಟ್ಟಿತು. ಗೆರೆ ಬಿಟ್ಟು ಕೆಳಗಿಳಿಯುತ್ತಿತ್ತು. ಕಪ್ಪುಹಲಗೆಯ ಬಳಿ ಕರೆದರೆ ಬೆಂಚುಗಳನ್ನು ಹಿಡಿದುಕೊಂಡು ಬರುತ್ತಿದ್ದ. ವಾರಕ್ಕೆರಡು ದಿನ ಗೈರುಹಾಜರಿ. ಒಂದು ದಿನ ಅವನ ತಾಯಿ ಬಂದು, "ಬೆಳಿಗ್ಗೆ ಏಳ್ತಿದ್ದ ಹಾಗೇ ತಲೆನೋವು ಅಂತಾನೆ ಮೇಷ್ಟ್ರೇ, ವಾಂತಿ ಮಾಡ್ಕೊಳ್ತಾನೆ. ಹತ್ತು ಗಂಟೆ ಹೊತ್ಗೆ ಸರಿಹೋಗ್ತಾನೆ" ಎಂದರು.

"ಶಾಲೆ ಶುರುವಾಗೋ ಹೊತ್ಗೆ ಸರಿಯಾಗಿ ಬರೋ ತಲೆನೋವಮ್ಮ ಅದು. ಮನೆಪಾಠ ಮಾಡಿರೋದಿಲ್ಲ ನೋಡಿ" ಎಂದು ನಗುತ್ತಾ ಹೇಳಿ ಕಳಿಸಿದೆ. ಮರುದಿನ ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದೆ. ಅವನು ನಿಲ್ಲಲಾರದೆ ತೂರಾಡಿದ. ನಾಟಕ ಎಂದು ಮಕ್ಕಳು ನಕ್ಕರು. ನಾನು ಮಕ್ಕಳನ್ನು ತಡೆಯಲಿಲ್ಲ.

ಎರಡು ತಿಂಗಳ ಮೇಲೆ ಬೆಂಗಳೂರಿನಲ್ಲಿ ಸ್ಕ್ಯಾನ್ ಮಾಡಿದಾಗ ತಿಳಿಯಿತು. ತಲೆಯ ಹಿಂಭಾಗದಲ್ಲಿ, ಕೈಕಾಲಿನ ಸಮತೋಲವನ್ನು ನೋಡಿಕೊಳ್ಳುವ ಕಿರುಮಿದುಳಿನಲ್ಲಿ ಗೆಡ್ಡೆ ಬೆಳೆದಿತ್ತು. ನಮ್ಮ ಮಿದುಳಿನೊಳಗೆ ಸದಾ ಒಂದು ದ್ರವ ಹರಿಯುತ್ತಿರುತ್ತದೆ. ಗೆಡ್ಡೆ ಆ ಕಾಲುವೆಯನ್ನು ಅದುಮಿದರೆ ದ್ರವ ತುಂಬಿಕೊಂಡು ತಲೆಬುರುಡೆಯೊಳಗೆ ಒತ್ತಡ ಏರುತ್ತದೆ. ರಾತ್ರಿ ಮಲಗಿದ್ದಾಗ ಒತ್ತಡ ಇನ್ನೂ ಹೆಚ್ಚು. ಆದ್ದರಿಂದಲೇ ಬೆಳಗಿನ ತಲೆನೋವು, ವಾಂತಿ. ಎದ್ದು ಓಡಾಡಿದ ಮೇಲೆ ಸ್ವಲ್ಪ ಹಗುರ. ನಾನು ನೆಪವೆಂದುಕೊಂಡದ್ದು ಆ ಕಾಯಿಲೆಯ ಮುಖ್ಯ ಲಕ್ಷಣವಾಗಿತ್ತು.

ತಂದೆತಾಯಿಯರು ಗಾಬರಿಯಾಗುವುದು ಬೇಡ. ಮಕ್ಕಳ ತಲೆನೋವಿನಲ್ಲಿ ಬಹುಪಾಲು ಗೆಡ್ಡೆಯದಲ್ಲ. ನಿದ್ದೆಗೇಡು, ಹಸಿವು, ಕಣ್ಣಿನ ದೋಷ, ಶೀತ, ಹೀಗೆ ನೂರು ಕಾರಣಗಳು. ಆದರೆ ಕೆಲವು ಸಂಗತಿಗಳನ್ನು ನೆನಪಿಡಿ. ವಾರಗಟ್ಟಲೆ ಬಿಡದ ಅಥವಾ ಮರುಕಳಿಸುವ ತಲೆನೋವು ಮತ್ತು ವಾಂತಿ, ಅದರಲ್ಲೂ ಬೆಳಗಿನ ಹೊತ್ತು. ನಡಿಗೆಯಲ್ಲಿ ತೂರಾಟ, ಕೈಬರಹ ಕೆಡುವುದು. ಹೊಸದಾಗಿ ಬಂದ ಮೆಳ್ಳೆಗಣ್ಣು, ಒಂದು ವಸ್ತು ಎರಡಾಗಿ ಕಾಣುವುದು. ತಲೆಯನ್ನು ಸದಾ ಒಂದು ಕಡೆಗೆ ವಾಲಿಸಿಕೊಂಡಿರುವುದು. ಫಿಟ್ಸ್. ಆಟವಾಡುವ ಮಗು ಕಾರಣವಿಲ್ಲದೆ ಮಂಕಾಗುವುದು. ಇವುಗಳಲ್ಲಿ ಒಂದಿದ್ದರೂ ಮಕ್ಕಳ ವೈದ್ಯರಿಗೆ ತೋರಿಸಿ. ಎರಡು ಸೇರಿದ್ದರೆ ತಡಮಾಡಬೇಡಿ. ಬ್ರಿಟನ್ನಿನಲ್ಲಿ 2011ರಲ್ಲಿ ಇಂಥದೇ ಪಟ್ಟಿಯನ್ನು ಪುಟ್ಟ ಕಾರ್ಡಿನಲ್ಲಿ ಅಚ್ಚು ಮಾಡಿ ಶಾಲೆಗಳಿಗೆ, ತಂದೆತಾಯಿಯರಿಗೆ, ವೈದ್ಯರಿಗೆ ಹಂಚಿದರು. ಮೊದಲ ಲಕ್ಷಣದಿಂದ ರೋಗ ಪತ್ತೆಯಾಗುವವರೆಗೆ ಹಿಂದೆ ಸುಮಾರು 14 ವಾರ ಹಿಡಿಯುತ್ತಿದ್ದದ್ದು ಕೆಲವೇ ವರ್ಷಗಳಲ್ಲಿ ಏಳು ವಾರದ ಸುತ್ತಮುತ್ತ ಇಳಿಯಿತು. ಇದರಲ್ಲಿ ದೊಡ್ಡ ಯಂತ್ರದ ಮಾತೇ ಇಲ್ಲ. ಅಮ್ಮ ಹೇಳಿದ ಮಾತನ್ನು ಯಾರಾದರೂ ಕಿವಿಗೊಟ್ಟು ಕೇಳಬೇಕು, ಅಷ್ಟೇ. ನಾನು ಕೇಳಲಿಲ್ಲ.

ಹುಡುಗನಿಗೆ ಶಸ್ತ್ರಚಿಕಿತ್ಸೆಯಾಯಿತು, ಆಮೇಲೆ ವಿಕಿರಣ, ಆಮೇಲೆ ಔಷಧಿ. ತಂದೆತಾಯಿ ಬೆಂಗಳೂರಿನಲ್ಲಿ. ಅದೇ ಶಾಲೆಯಲ್ಲಿ ಏಳನೇ ತರಗತಿ ಓದುತ್ತಿದ್ದ ಅಕ್ಕ ಅಜ್ಜಿಯ ಬಳಿ ಊರಿನಲ್ಲಿ. ಯಾರು ಸಿಕ್ಕಿದರೂ ಅವಳನ್ನು ಕೇಳುತ್ತಿದ್ದದ್ದು ಒಂದೇ ಮಾತು, "ತಮ್ಮ ಹೇಗಿದಾನೆ?" ಅವಳು ಹೇಗಿದ್ದಾಳೆಂದು ಕೇಳಿದವರಿಲ್ಲ. ಅಜ್ಜಿ ಅವಳಿಗೆ ಏನನ್ನೂ ಹೇಳುತ್ತಿರಲಿಲ್ಲ, ಮಗು ಹೆದರೀತು ಎಂದು. ಅವಳೂ ಅಜ್ಜಿಯನ್ನು ಕೇಳುತ್ತಿರಲಿಲ್ಲ, ಅಜ್ಜಿ ಅತ್ತಾರು ಎಂದು. ಹುಡುಗಿ ಒಣಗತೊಡಗಿದಳು. ಅಂಕಗಳು ಇಳಿದವು. ಈ ಸಲ ನಾನು ಗದರಿಸಲಿಲ್ಲ. ಊಟದ ಬಿಡುವಿನಲ್ಲಿ ಕೂರಿಸಿಕೊಂಡು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದವಳು ಕೊನೆಗೆ ಅಂದಳು, "ನಾನೇ ಸಾರ್ ಅವನನ್ನ ಜೋಕಾಲಿಯಿಂದ ತಳ್ಳಿದ್ದು. ತಲೆಗೆ ಏಟಾಗಿತ್ತು. ಅದಕ್ಕೇ ಗೆಡ್ಡೆ ಆಯ್ತು. ಅಪ್ಪಂಗೆ ಹೇಳ್ಬೇಡಿ."

ಹನ್ನೆರಡು ವರ್ಷದ ಹುಡುಗಿ ಆರು ತಿಂಗಳಿಂದ ಇದನ್ನು ಹೊತ್ತುಕೊಂಡಿದ್ದಳು. ವೈದ್ಯರನ್ನು ಕಂಡು ಕೇಳಿದೆ. ಜೋಕಾಲಿಯಿಂದ ಬಿದ್ದರೆ ಇಂಥ ಗೆಡ್ಡೆ ಆಗುವುದಿಲ್ಲ ಎಂದರು. ಬಿದ್ದದ್ದರಿಂದ ಗೆಡ್ಡೆ ಬಂದದ್ದಲ್ಲ. ಗೆಡ್ಡೆ ಆಗಲೇ ಇದ್ದುದರಿಂದಲೇ ಹಿಡಿತ ತಪ್ಪಿ ಬಿದ್ದಿರಬಹುದು. ಮುಂದೆ ಕರೆನ್‌ಳ ಕಥೆ ಓದುವಾಗ, ಸಿಯಾಟಲಿನ ಆ ಉದ್ಯಾನದ ಬಳಿ ಬಂದು ನಾನು ಪುಸ್ತಕ ಮುಚ್ಚಿಟ್ಟದ್ದು ಇದಕ್ಕೇ. ಮಗು ಬಿದ್ದಾಗ ಹತ್ತಿರ ಇದ್ದವರೆಲ್ಲ ತಾನು ನೋಡಿಕೊಳ್ಳಬೇಕಿತ್ತು ಎಂದು ಕೊರಗುತ್ತಾರೆ. ನಮ್ಮಲ್ಲಂತೂ ಗ್ರಹಣದ ದಿನ ಬಸುರಿ ಹೊರಗೆ ಬಂದದ್ದು, ಯಾರದೋ ದೃಷ್ಟಿ ತಾಗಿದ್ದು, ಹರಕೆ ಮರೆತದ್ದು ಎಂದು ತಾಯಿಯ ತಲೆಗೇ ಕಟ್ಟುತ್ತಾರೆ. ಮಕ್ಕಳ ಮಿದುಳಿನ ಗೆಡ್ಡೆಗಳಲ್ಲಿ ಹೆಚ್ಚಿನವಕ್ಕೆ ಯಾರೂ ಕಾರಣರಲ್ಲ. ಬೆಳೆಯುವ ಜೀವಕೋಶಗಳಲ್ಲಿ ತಾನಾಗಿ ಆದ ತಪ್ಪು ಅದು. ಈ ಒಂದು ವಾಕ್ಯವನ್ನು ಮನೆಯಲ್ಲಿ ಯಾರಾದರೂ ಗಟ್ಟಿಯಾಗಿ ಹೇಳಿದ್ದರೆ ಆ ಹುಡುಗಿ ಆರು ತಿಂಗಳು ನಿದ್ದೆಗೆಡುತ್ತಿರಲಿಲ್ಲ. ಮೌನವನ್ನು ನಾವು ಕರುಣೆಯೆಂದು ಭಾವಿಸುತ್ತೇವೆ. ಹಿರಿಯರು ಹೇಳದೆ ಬಿಟ್ಟ ಜಾಗವನ್ನು ಮಕ್ಕಳು ತಮ್ಮ ಕಲ್ಪನೆಯಿಂದ ತುಂಬಿಕೊಳ್ಳುತ್ತಾರೆ. ಆ ಕಲ್ಪನೆ ನಿಜಕ್ಕಿಂತ ಭಯಂಕರವಾಗಿರುತ್ತದೆ.

ಹಾಗಾದರೆ ಏನು ಹೇಳಬೇಕು? ಮಗುವಿನ ವಯಸ್ಸಿಗೆ ತಕ್ಕಷ್ಟು ನಿಜ ಹೇಳಬೇಕು. ಕಾಯಿಲೆಯ ಹೆಸರು ಹೇಳಿ. ಇದು ನಿನ್ನ ತಪ್ಪಲ್ಲ, ಯಾರ ತಪ್ಪೂ ಅಲ್ಲ ಎನ್ನಿ. ಮುಟ್ಟಿದರೆ ಅಂಟುವುದಲ್ಲ ಎನ್ನಿ. ಸೂಜಿ ಚುಚ್ಚುವ ದಿನ "ನೋವಾಗೋದೇ ಇಲ್ಲ" ಎಂದು ಸುಳ್ಳು ಹೇಳಬೇಡಿ. ನೋವಾಗುತ್ತದೆ, ಆಗ ನಾನು ಕೈ ಹಿಡಿದುಕೊಂಡಿರುತ್ತೇನೆ ಎನ್ನಿ. ಒಮ್ಮೆ ಸುಳ್ಳು ಸಿಕ್ಕಿಬಿದ್ದರೆ ಆಮೇಲೆ "ವಾಸಿಯಾಗ್ತೀಯ" ಎಂಬ ನಿಜವನ್ನೂ ಮಗು ನಂಬುವುದಿಲ್ಲ.

ವಾಸಿಯಾಗುವುದು ನಿಜವೇ ಎಂದು ಕೇಳುತ್ತೀರಿ. ಗೆಡ್ಡೆಗಳಲ್ಲಿ ಹಲವು ಬಗೆ. ನಿಧಾನ ಬೆಳೆಯುವ ಕೆಲವನ್ನು ಪೂರ್ತಿ ಕತ್ತರಿಸಿ ತೆಗೆದರೆ ಹೆಚ್ಚಿನ ಮಕ್ಕಳು ಗುಣವಾಗುತ್ತಾರೆ. ನನ್ನ ವಿದ್ಯಾರ್ಥಿಗೆ ಬಂದದ್ದು ಮೆಡುಲ್ಲೋಬ್ಲಾಸ್ಟೋಮ. 1925ರಲ್ಲಿ ಕುಶಿಂಗ್ ಮತ್ತು ಬೈಲಿ ಎಂಬ ಅಮೆರಿಕದ ವೈದ್ಯರು ಅದನ್ನು ವಿವರಿಸಿದಾಗ ಹೆಚ್ಚುಕಡಿಮೆ ಮರಣಶಾಸನವೇ ಆಗಿದ್ದ ಈ ಗೆಡ್ಡೆಯಿಂದ, ಪೂರ್ತಿ ಚಿಕಿತ್ಸೆ ಸಿಕ್ಕರೆ ಇಂದು ಹೆಚ್ಚಿನ ಮಕ್ಕಳು ಬದುಕಿ ಉಳಿಯುತ್ತಾರೆ. ಕರೆನ್‌ಗೆ ಬಂದದ್ದು ಬೇರೆ. ಅಕ್ಕಿಯೊಳಗಿನ ಕಲ್ಲನ್ನು ಆರಿಸಿ ತೆಗೆಯಬಹುದು, ಹಿಟ್ಟಿಗೆ ಬೆರೆತ ಉಪ್ಪನ್ನು ಆರಿಸುವುದು ಹೇಗೆ? ಉಸಿರು, ನುಂಗು, ನಡಿಗೆಗಳ ನರಗಳೆಲ್ಲ ಹಾದುಹೋಗುವ ಕಾಂಡದಲ್ಲಿ ಅದು ಹಾಗೆ ಬೆರೆತು ಬೆಳೆಯುತ್ತದೆ. ಅದಕ್ಕೆ ಇಂದಿಗೂ ಮುಖ್ಯ ಚಿಕಿತ್ಸೆ ವಿಕಿರಣವೇ. ಹೆಚ್ಚಿನ ಮಕ್ಕಳು ವರ್ಷದ ಆಸುಪಾಸಿನಲ್ಲಿ ತೀರಿಕೊಳ್ಳುತ್ತಾರೆ. ಚಂದ್ರನಿಗೆ ಹೋಗಿಬಂದ ಮೇಲೂ ಇದೊಂದು ಬಾಗಿಲು ತೆರೆಯಲಿಲ್ಲ. ಇತ್ತೀಚೆಗೆ ಸಣ್ಣ ಬಿರುಕೊಂದು ಕಾಣಿಸಿದೆ. ಈ ಗೆಡ್ಡೆಯ ಮೂಲದಲ್ಲಿರುವ ಜೀನಿನ ದೋಷವನ್ನು ವಿಜ್ಞಾನಿಗಳು 2012ರಲ್ಲಿ ಗುರುತಿಸಿದರು. ಅಂಥ ದೋಷವಿರುವ, ಚಿಕಿತ್ಸೆಯ ನಂತರವೂ ಬೆಳೆದ ಗೆಡ್ಡೆಗೆಂದು ಅಮೆರಿಕದಲ್ಲಿ 2025ರಲ್ಲಿ ಒಂದು ಔಷಧಿಗೆ ಅನುಮತಿ ಸಿಕ್ಕಿತು. ಅದು ಗುಣಪಡಿಸುವ ಔಷಧಿಯಲ್ಲ, ಕೆಲವರಿಗೆ ಮಾತ್ರ ಫಲ ಕೊಡುವಂಥದು. ಈ ಸಂಶೋಧನೆಗೆ ಬೇಕಾದ ಗೆಡ್ಡೆಯ ಚೂರುಗಳಲ್ಲಿ ಎಷ್ಟೋ ದೊರೆತದ್ದು ಎಲ್ಲಿಂದ ಗೊತ್ತೇ? ಮಗು ತೀರಿಕೊಂಡ ಹೊತ್ತಿನಲ್ಲೂ, ಮುಂದಿನ ಮಗುವಿಗಾದರೂ ಉಪಯೋಗವಾಗಲಿ ಎಂದು ಒಪ್ಪಿಗೆ ಕೊಟ್ಟ ತಂದೆತಾಯಿಯರಿಂದ.

ಗುಣವಾಗದ ಕಾಯಿಲೆಯಲ್ಲೂ ಮನೆಯವರು ಮಾಡಬಹುದಾದದ್ದು ಬಹಳವಿದೆ. ಚಂದ್ರನಿಂದ ಮರಳಿದ ಮೇಲೆ ಆರ್ಮ್‌ಸ್ಟ್ರಾಂಗ್ ಪಾಠ ಹೇಳಿದ್ದು ಅಮೆರಿಕದ ಸಿನ್ಸಿನಾಟಿ ನಗರದಲ್ಲಿ. ಅದೇ ನಗರದ ಹೊರವಲಯದಲ್ಲಿ ಎಲೆನಾ ಡೆಸರಿಚ್ ಎಂಬ ಹುಡುಗಿಗೆ 2006ರಲ್ಲಿ, ಐದು ವರ್ಷ ವಯಸ್ಸಿನಲ್ಲಿ, ಕರೆನ್‌ಗೆ ಬಂದಂಥದೇ ಗೆಡ್ಡೆ ಬಂತು. ಮಾತು ಕ್ಷೀಣಿಸುತ್ತಾ ಹೋದಂತೆ ಅವಳು ಕಾಗದದ ಚೂರುಗಳಲ್ಲಿ ಬರೆದಳು, ಹೃದಯದ ಚಿತ್ರ ಬಿಡಿಸಿದಳು. 2007ರ ಆಗಸ್ಟ್‌ನಲ್ಲಿ ಆರು ವರ್ಷದ ಎಲೆನಾ ತೀರಿಕೊಂಡ ಮೇಲೆ ಆ ಚೀಟಿಗಳು ಒಂದೊಂದಾಗಿ ಸಿಗತೊಡಗಿದವು. ಪುಸ್ತಕದ ಹಾಳೆಗಳ ನಡುವೆ, ಡ್ರಾಯರಿನಲ್ಲಿ, ಚೀಲದೊಳಗೆ, ನೂರಾರು. ಅಮ್ಮನಿಗೆ, ಅಪ್ಪನಿಗೆ, ತಂಗಿ ಗ್ರೇಸ್‌ಗೆ. ಕಾಯಿಲೆಯ ದಿನಗಳಲ್ಲಿ ತಂದೆತಾಯಿಯೂ ದಿನಚರಿ ಬರೆದಿದ್ದರು, ಅದೂ ತಂಗಿಗಾಗಿಯೇ. ಅಕ್ಕ ಹೇಗಿದ್ದಳೆಂದು ಮುಂದೆ ಅವಳಿಗೆ ತಿಳಿಯಬೇಕಲ್ಲ. ಮನೆಯಲ್ಲಿ ಉಳಿಯುವ ಮಗುವನ್ನು ನೆನೆದ ಅವರ ದೂರದೃಷ್ಟಿ ನಮಗೂ ಬರಲಿ.

ಕೊನೆಗೆ ವಿದ್ಯಾರ್ಥಿಗಳಿಗೆ ಒಂದು ಮಾತು. ನನ್ನ ಹುಡುಗ ಒಂದು ವರ್ಷದ ಮೇಲೆ ಶಾಲೆಗೆ ಮರಳಿದ. ತಲೆಗೆ ಉಣ್ಣೆಯ ಟೋಪಿ. ಮಾತು ನಿಧಾನ, ಬರಹ ನಿಧಾನ. ಇಂಥ ಚಿಕಿತ್ಸೆಯ ನಂತರ ಹಾಗಾಗುವುದುಂಟು. ಬೇಗ ದಣಿವಾಗುತ್ತದೆ, ಕೆಲವರಿಗೆ ಕಿವಿ ಮಂದವಾಗುತ್ತದೆ, ಹತ್ತು ಲೆಕ್ಕ ಮಾಡುವ ಹೊತ್ತಿನಲ್ಲಿ ಐದು ಮಾಡುತ್ತಾರೆ. ಬುದ್ಧಿ ಹೋಯಿತೆಂದಲ್ಲ, ಬೇಕಾಗುವ ಸಮಯ ಹೆಚ್ಚಾಯಿತೆಂದು. ತರಗತಿಯ ಮಕ್ಕಳಿಗೆ ನಾನು ಮೊದಲೇ ಎಲ್ಲ ಹೇಳಿದ್ದೆ. ನಾನು ಬೆಂಚಿನ ಮೇಲೆ ನಿಲ್ಲಿಸಿದ್ದು ತಪ್ಪು ಎಂಬುದನ್ನೂ ಹೇಳಿದ್ದೆ. ಬಂದ ದಿನ ಅವನೆದುರಿಗೇ ಕ್ಷಮೆ ಕೇಳಿದೆ. ಅವನು ನಕ್ಕು, "ಬಿಡಿ ಸಾರ್, ನಂಗೂ ಗೊತ್ತಿರ್ಲಿಲ್ಲ" ಎಂದ.

ಮಕ್ಕಳು ಅವನನ್ನು ಗಾಜಿನ ಗೊಂಬೆಯಂತೆ ನೋಡಿಕೊಳ್ಳಲಿಲ್ಲ. ಒಬ್ಬ ನೋಟ್ಸ್ ಬರೆದುಕೊಟ್ಟ, ಇನ್ನೊಬ್ಬ ಚೀಲ ಹೊತ್ತ. ಕ್ರಿಕೆಟ್ಟಿನಲ್ಲಿ ಅವನನ್ನು ಅಂಪೈರ್ ಮಾಡಿದರು. ತೀರ್ಪು ಸರಿಯಿಲ್ಲವೆಂದು ಜಗಳವನ್ನೂ ಆಡಿದರು. ಆ ಜಗಳ ನೋಡಿ ಅವನ ತಾಯಿ ಕಾಂಪೌಂಡಿನಾಚೆ ನಿಂತು ಕಣ್ಣೊರೆಸಿಕೊಂಡರು. ಮಗ ಮತ್ತೆ ಎಲ್ಲರಂತಾದ ಎಂದು ಅವರಿಗೆ ಅಂದು ಅನ್ನಿಸಿರಬೇಕು. ನಿಮ್ಮ ತರಗತಿಯಲ್ಲಿ ಖಾಲಿಯಾದ ಜಾಗವಿದ್ದರೆ ಅದನ್ನು ಹಾಗೇ ಉಳಿಸಿ. ಆಸ್ಪತ್ರೆಗೆ ಕಾಗದ ಬರೆಯಿರಿ. ಅವರ ಅಣ್ಣ, ಅಕ್ಕ, ತಂಗಿ ಸಿಕ್ಕಿದರೆ, "ನೀನು ಹೇಗಿದ್ದೀಯ?" ಎಂದು ಕೇಳಿ.

ರಸಪ್ರಶ್ನೆಯ ಆ ಹುಡುಗಿ ಯಾವ ಶಾಲೆಯವಳೆಂದು ನನಗೀಗ ನೆನಪಿಲ್ಲ. ಈ ಪುಟ ಅವಳ ಕೈಗೆ ಬಿದ್ದೀತೆಂಬ ಆಸೆಯಿಂದ ನನ್ನ ಉತ್ತರವನ್ನು ತಿದ್ದುತ್ತಿದ್ದೇನೆ. ನೀಲ್ ಆರ್ಮ್‌ಸ್ಟ್ರಾಂಗ್ ಅವರಿಗೆ ಮೂವರು ಮಕ್ಕಳು. ಎರಡನೆಯವಳು ಮಗಳು. ಅವಳು ಎರಡು ಸಲ ನಡೆಯಲು ಕಲಿತವಳು. ಹೆಸರು ಕರೆನ್.